ಬಣ್ಣ ಬೇಡವೆಂದ ಮೇಷ್ಟ್ರು

ಹೋದ ವಾರ ಚಿಕ್ಕಬಳ್ಳಾಪುರದ ನಮ್ಮ ಅಂಗಡಿಗೆ ಯಾರೋ ಹಳೆಯ ತೊಟ್ಟಿಲೊಂದನ್ನು ರಿಪೇರಿಗೆ ತಂದಿದ್ದರು. ಕಡೆದ ಕಂಬಗಳಿಗೆ ಹಚ್ಚಿದ್ದ ಅರಗು ಅಲ್ಲಲ್ಲಿ ಎದ್ದುಹೋಗಿತ್ತು. ಈಗಿನ ಕೆಲಸಗಾರರಿಗೆ ಡಬ್ಬದ ಬಣ್ಣ ಬಿಟ್ಟರೆ ಬೇರೆ ಗೊತ್ತಿಲ್ಲ. ನಾನೇ ಎದ್ದು, ಹಳೆಯ ಪೆಟ್ಟಿಗೆಯಲ್ಲಿ ಒಂದು ತುಂಡು ಅರಗಿನ ಕಡ್ಡಿ ಹುಡುಕಿ, ತಿರುಗುವ ಮರಕ್ಕೆ ಒತ್ತಿ ಹಿಡಿದೆ. ಉಜ್ಜಿದ ಬಿಸಿಗೆ ಅರಗು ಕರಗಿ ಆ ವಾಸನೆ ಮೂಗಿಗೆ ಬಂತು ನೋಡಿ... ಕೈ ನಿಂತುಹೋಯಿತು. "ಏನಾಯ್ತು ಯಜಮಾನ್ರೇ, ತಲೆ ಸುತ್ತು ಬಂತಾ?" ಎಂದು ಕೆಲಸಗಾರ ಕುರ್ಚಿ ಎಳೆದ. ತಲೆ ಸುತ್ತಿರಲಿಲ್ಲ. ಶಿಡ್ಲಘಟ್ಟದ ಒಬ್ಬ ಮೇಷ್ಟ್ರು ನೆನಪಿಗೆ ಬಂದಿದ್ದರು.

ಆಗ ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಚಿಂತಾಮಣಿ ಕಡೆಯ ಹಳ್ಳಿಯಿಂದ ಬಂದವನು ಶಿಡ್ಲಘಟ್ಟದಲ್ಲಿ ಒಂದು ತಗಡಿನ ಮಾಡಿನ ಕೆಳಗೆ ಮರ ಕಡೆಯುವ ತಿರುಗಣಿ ಹಾಕಿಕೊಂಡಿದ್ದೆ. ರೇಷ್ಮೆ ಬಿಚ್ಚುವವರಿಗೆ ಚರಕದ ಹಿಡಿ, ನೂಲು ಸುತ್ತುವ ಉರುಳೆ, ಗೂಟ, ಇಷ್ಟೇ ನನ್ನ ಸರಕು. ಆರನೇ ಕ್ಲಾಸಿಗೆ ಓದು ಬಿಟ್ಟವನಿಗೆ ಬಂಡವಾಳ ಅಂತ ಇದ್ದದ್ದು ಬಾಯಿ ಒಂದೇ. ಗಿರಾಕಿ ಬಾಯಿ ತೆರೆಯುವ ಮೊದಲೇ ಅವನ ಚಪ್ಪಲಿ ನೋಡಿ ಬೆಲೆ ಕಟ್ಟುತ್ತಿದ್ದೆ. ಯಾರು ಏನೇ ಹೇಳಲಿ, ಅದರ ಹಿಂದೆ ಇರುವುದು ದುಡ್ಡಿನ ಮಾತೇ ಎಂದು ನಂಬಿದ್ದೆ. ಆ ನಂಬಿಕೆ ನನ್ನನ್ನು ಬಹಳ ಸಲ ಕಾಪಾಡಿದೆ. ಒಂದು ಸಲ ಮಾತ್ರ ಕೈಕೊಟ್ಟಿತು. ಆ ಒಂದು ಸಲದ ಮಾತು ಇದು.

ಮೊದಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಹೇಳುವಂಥದ್ದೇನಲ್ಲ. ಮೇಷ್ಟ್ರ ಕಣ್ಣು ಹೋಗುತ್ತಿತ್ತು. ನಾನು ಅವರನ್ನು ಕಂಡ ಹೊತ್ತಿಗೆ ಬೆಳಕು ಯಾವುದು, ನೆರಳು ಯಾವುದು ಎನ್ನುವುದಷ್ಟೇ ಉಳಿದಿತ್ತು. ಪೂರ್ತಿ ಪಿಂಚಣಿಗೆ ಇನ್ನೂ ಒಂದು ವರ್ಷದ ಮೇಲೆ ಸರ್ವೀಸು ಬೇಕಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಅವರದು. ಅದೊಂದು ವರ್ಷ ಯಾರಿಗೂ ಗೊತ್ತಾಗದಂತೆ ದಾಟಿಸಿಬಿಟ್ಟರೆ ಗಂಡ ಹೆಂಡತಿ ಇಬ್ಬರ ಮುಪ್ಪಿಗೆ ದಾರಿ. ಗೊತ್ತಾದರೆ ಆ ದಾರಿಯೂ ಇಲ್ಲ, ಪಾಠವೂ ಇಲ್ಲ. ಈ ವಿಷಯ ತಿಳಿದಿದ್ದದ್ದು ಅವರ ಹೆಂಡತಿಗೆ ಒಬ್ಬರಿಗೇ. ನನಗೆ ತಿಳಿದಿರಲಿಲ್ಲ. ತಿಳಿಯಬೇಕಾಗಿತ್ತು, ಅದಕ್ಕೆ ಬೇಕಾದ ಗುರುತುಗಳೆಲ್ಲ ಕಣ್ಣೆದುರೇ ಇದ್ದವು.

ಒಂದು ಮಧ್ಯಾಹ್ನ ಬಿಸಿಲಲ್ಲಿ ಬಂದರು. ಬಿಳಿ ಪಂಚೆ, ಮುಚ್ಚು ಕೋಟು, ತಲೆಗೆ ಕರಿ ಟೋಪಿ. ಬಾಗಿಲ ಕಂಬವನ್ನು ಒಮ್ಮೆ ಮುಟ್ಟಿ ಒಳಗೆ ಕಾಲಿಟ್ಟರು. ನಿಂಬೆಹಣ್ಣಿನ ಗಾತ್ರದ ಮರದ ಗುಂಡು ಬೇಕು, ಸಣ್ಣವು ಗೋಲಿಯಷ್ಟು, ತೂತು ಕೊರೆದು ಕಡ್ಡಿ ಸಿಕ್ಕಿಸುವಂತಿರಬೇಕು ಎಂದರು. ಆಟದ ಸಾಮಾನೇ ಎಂದು ಕೇಳಿದೆ.

"ಆಟಾನೇ ಅಂದ್ಕೊ. ನೀರು, ಗಾಳಿ, ಕೆಸರಲ್ಲಿ ಏಳೋ ಗುಳ್ಳೆ, ಇವೆಲ್ಲ ಒಳಗೆ ಹೆಂಗಿರ್ತವೆ ಅಂತ ಹುಡುಗರ ಕೈಗೆ ಕೊಡಬೇಕು."

ಮಾದರಿಗೆಂದು ನಾನು ಉರುಳೆಯೊಂದನ್ನು ಮುಂದೆ ಹಿಡಿದೆ. ಅವರು ಅದನ್ನು ನೋಡಲಿಲ್ಲ. ಮುಖ ಬೀದಿಯ ಕಡೆಗೇ ಇತ್ತು, ಹೆಬ್ಬೆರಳು ಮಾತ್ರ ಮರದ ಮೇಲೆ ಓಡಾಡಿತು. "ಇಲ್ಲಿ ಉಳಿ ಜಾರಿದೆ" ಎಂದರು. ಜಾರಿತ್ತು, ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಸರಕು ಬಲ್ಲ ಆಸಾಮಿ, ಹುಷಾರಾಗಿ ಬೆಲೆ ಹೇಳಬೇಕು ಎಂದುಕೊಂಡೆ. ನೋಡಿ, ನನ್ನ ಲೆಕ್ಕ ಹೇಗಿತ್ತು...

ಪರಮಾಣು, ಅಣು ಎಂಬ ಮಾತನ್ನೇ ನಾನು ಕೇಳಿದವನಲ್ಲ. ಅವರು ಹೇಳಿಕೊಟ್ಟರು. ಇಂಗಾಲಕ್ಕೆ ನಾಲ್ಕು ಕೈ, ಜಲಜನಕಕ್ಕೆ ಒಂದೇ ಕೈ. ಕೈ ಕೈ ಹಿಡಿದುಕೊಂಡರೆ ಒಂದು ಅಣು. ಕೆರೆಯ ಕೆಸರು ಕಲಕಿದರೆ ಗುಳ್ಳೆ ಏಳುತ್ತದಲ್ಲ, ಆ ಗಾಳಿಯಲ್ಲಿ ಒಂದು ಇಂಗಾಲ ನಾಲ್ಕು ಜಲಜನಕವನ್ನು ಹಿಡಿದುಕೊಂಡಿರುತ್ತದೆ. ನಾನು ಅವರ ಪಾಠದ ಪುಸ್ತಕ ಇಸಿದುಕೊಂಡು, ಅದರಲ್ಲಿದ್ದ ಚಿತ್ರದಂತೆಯೇ, ಒಂದು ಗುಂಡಿಗೆ ಸುತ್ತಲೂ ನಾಲ್ಕು ದಿಕ್ಕಿಗೆ ನಾಲ್ಕು ತೂತು ಹಾಕಿ, ಬಿದಿರು ಕಡ್ಡಿ ಚುಚ್ಚಿ, ಸಣ್ಣ ಗುಂಡುಗಳನ್ನು ಸಿಕ್ಕಿಸಿಟ್ಟೆ. ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಅವರು ಕೈಗೆ ತಗೊಂಡು ಒಂದು ಸುತ್ತು ತಡವಿ ನಕ್ಕರು. "ಇದೇನಪ್ಪ, ರೊಟ್ಟಿ ತಟ್ಟಿದ ಹಂಗೆ ಚಪ್ಪಟೆ ಮಾಡಿಬಿಟ್ಟಿದೀಯ?"

"ಪುಸ್ತಕದಾಗೆ ಹಂಗೇ ಐತಲ್ಲ ಸಾ."

"ಪುಸ್ತಕ ಚಪ್ಪಟೆ ಕಣಯ್ಯ, ಅದಕ್ಕೆ ಹಂಗೆ ಬರೆದವ್ರೆ. ನಾಲ್ಕು ಜನ ಜಗಳ ಆಡ್ಕೊಂಡು ಒಬ್ಬರಿಂದೊಬ್ಬರು ಎಷ್ಟು ದೂರ ಆಗುತ್ತೋ ಅಷ್ಟು ದೂರ ಕೂರಬೇಕು ಅಂದ್ರೆ, ನೆಲದ ಮೇಲೆ ಯಾಕೆ ಕೂರ್ತಾರೆ? ಅಟ್ಟಾನೂ ಖಾಲಿ ಐತಲ್ಲ!"

ನನಗೆ ತಲೆಗೆ ಹೋಗಲಿಲ್ಲ. ಕೆರೆ ಏರಿಯಿಂದ ನೆಗ್ಗಿಲ ಮುಳ್ಳು ಆರಿಸಿಕೊಂಡು ಬಾ ಎಂದರು. ತಂದು ಕೊಟ್ಟೆ. ಒಂದನ್ನು ಅಂಗೈಯಲ್ಲಿ ಕುಲುಕಿ ಹಲಗೆಯ ಮೇಲೆ ಬಿಟ್ಟರು. ಹೇಗೆ ಬಿದ್ದರೂ ಮಿಕ್ಕವು ಕೆಳಗೆ ಊರಿಕೊಂಡು ಒಂದು ಮುಳ್ಳು ಮೇಲಕ್ಕೆ ಎದ್ದಿರುತ್ತಿತ್ತು. ಬರಿಗಾಲಲ್ಲಿ ತಿರುಗಿದ ನನಗೆ ಆ ಮುಳ್ಳಿನ ಗುಣ ಅಂಗಾಲಿಗೇ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ ಅಷ್ಟೆ. "ಇದು ಪೂರಾ ಸರಿ ಇಲ್ಲ, ಆದ್ರೂ ದಾರಿ ತೋರಿಸುತ್ತೆ. ಮೂರು ಕಾಲು ಕೆಳಗೆ, ಒಂದು ಮೇಲೆ. ಇಂಗಾಲದ ಕೈ ಇರೋದು ಹಿಂಗೆ" ಎಂದರು.

ಗುಂಡಿನ ಮೇಲೆ ಆ ಜಾಗಗಳನ್ನು ಗುರುತು ಹಾಕುವುದು ಹೇಗೆ? ಅದಕ್ಕೂ ಅವರ ಹತ್ತಿರ ಉಪಾಯ ಇತ್ತು. ನೆತ್ತಿಯ ಮೇಲೆ ಒಂದು ತೂತು. ಆಮೇಲೆ ಗುಂಡಿನ ಎತ್ತರವನ್ನು ಮೂರು ಪಾಲು ಮಾಡಿ, ಕೆಳಗಿನ ಪಾಲು ಮುಗಿಯುವ ಕಡೆ ಸುತ್ತ ಒಂದು ಗುರುತು. ಆ ಗುರುತಿನ ಮೇಲೆ ಸಮ ದೂರದಲ್ಲಿ ಮೂರು ತೂತು, ಎಲ್ಲವೂ ನಡುಮಧ್ಯಕ್ಕೆ ನೆಟ್ಟಗೆ. ಮುಗಿಯಿತು. ಮರಗೆಲಸದವರು ಯಾರಾದರೂ ಇದನ್ನು ಓದುತ್ತಿದ್ದರೆ ಮಾಡಿ ನೋಡಿ, ಯಾವ ಕಡೆಗೆ ಉರುಳಿಸಿ ಕೂರಿಸಿದರೂ ಒಂದೇ ಥರ ಕೂರುತ್ತದೆ. ಮೊದಲನೆಯದು ಹಾಗೆ ಕೂತಾಗ ನಾನು ಕೂಗಿಕೊಂಡೆ. ಪಕ್ಕದ ರೇಷ್ಮೆಗೂಡಿನ ವ್ಯಾಪಾರಿ, ನಾನೆಲ್ಲೋ ಬೆರಳು ಕತ್ತರಿಸಿಕೊಂಡೆ ಎಂದು ಓಡಿಬಂದ.

ದೊಡ್ಡ ಗುಂಡುಗಳಿಗೆಲ್ಲ ನಾಲ್ಕೇ ತೂತು ಹಾಕು ಎಂದರು. ಇಂಗಾಲಕ್ಕೂ ಸರಿ, ಸಾರಜನಕಕ್ಕೂ ಸರಿ, ಆಮ್ಲಜನಕಕ್ಕೂ ಸರಿ. ಹಾಗಾದರೆ ಯಾವುದು ಯಾವುದೆಂದು ತಿಳಿಯುವುದು ಹೇಗೆ ಸಾ, ಅರಗು ಹಚ್ಚಿ ಬಣ್ಣ ಬಣ್ಣದ್ದು ಮಾಡಿಕೊಡುತ್ತೇನೆ ಎಂದೆ.

"ಬಣ್ಣ ಬೇಡ. ಇಂಗಾಲ ನುಣ್ಣಗಿರಲಿ. ಸಾರಜನಕಕ್ಕೆ ಸುತ್ತ ಒಂದು ಗೆರೆ ಕೊರಿ, ಆಮ್ಲಜನಕಕ್ಕೆ ಎರಡು. ಬಣ್ಣದ ದುಡ್ಡೂ ಉಳೀತದೆ."

ಅಷ್ಟೇ. ಆ ಕೊನೆಯ ಮಾತು ನನ್ನ ಕಿವಿಗೆ ಎಷ್ಟು ಹಿತವಾಗಿ ಹೊಂದಿಕೊಂಡಿತೆಂದರೆ, ಬೇರೆ ಕಾರಣ ಇರಬಹುದೆಂದು ಯೋಚನೆಯೇ ಬರಲಿಲ್ಲ. ಸ್ವಂತ ಕೈಯಿಂದ ಖರ್ಚು ಮಾಡುತ್ತಿದ್ದಾರೆ, ಮೇಷ್ಟ್ರ ಸಂಬಳ, ಉಳಿಸುತ್ತಿದ್ದಾರೆ ಎಂದುಕೊಂಡೆ. ಪಾಪ ಎಂದೂ ಅಂದುಕೊಂಡೆ.

ಆಮೇಲಿನ ಕೆಲವು ತಿಂಗಳು... ನನ್ನ ಜೀವನದಲ್ಲಿ ಅಂಥ ಕಾಲ ಮತ್ತೆ ಬರಲಿಲ್ಲ. ಸ್ಕೂಲು ಬಿಟ್ಟ ಮೇಲೆ ಮೇಷ್ಟ್ರು ನಮ್ಮ ಮಾಡಿಗೆ ಬಂದು ಮರದ ದಿಮ್ಮಿಯ ಮೇಲೆ ಕೂರುತ್ತಿದ್ದರು. "ಏನಯ್ಯ, ಇವತ್ತು ಎಷ್ಟು ಲೋಕ ಕಡೆದೆ?" ಎನ್ನುತ್ತಲೇ ಒಳಗೆ ಬರುವುದು. ಎದುರಿನ ಹೋಟೆಲಿನಿಂದ ಕಾಫಿ ತರಿಸಿದರೆ ಲೋಟದ ಅಂಚಿಗೆ ಬೆರಳು ತಾಗಿಸಿ ನೋಡಿ ಕುಡಿಯುತ್ತಿದ್ದರು. ಬಿಸಿ ನೋಡುತ್ತಾರೆ ಎಂದುಕೊಳ್ಳುತ್ತಿದ್ದೆ. ರೇಷ್ಮೆಗೂಡು ಬೇಯಿಸುವ ನಾತ ಬೀದಿಯಲ್ಲೆಲ್ಲ ಹರಡಿರುತ್ತಿತ್ತು, ಅದರ ನಡುವೆ ನಾವಿಬ್ಬರು ಗಾಳಿಯನ್ನೂ ನೀರನ್ನೂ ಕಟ್ಟಿ ಬಿಚ್ಚಿ ಮಾಡುತ್ತಿದ್ದೆವು.

ಒಂದು ದಿನ ನೀರನ್ನು ಕಟ್ಟಿದೆವು. ಎರಡು ಗೆರೆಯ ಗುಂಡಿಗೆ ಎರಡು ಸಣ್ಣ ಗುಂಡು. ಮಿಕ್ಕ ಎರಡು ತೂತು ಖಾಲಿ. ನನಗೆ ಹೊಟ್ಟೆ ಉರಿಯಿತು.

"ಎರಡು ತೂತು ದಂಡ ಆಯ್ತಲ್ಲ ಸಾ. ಕೊರೆಯೋ ಕೂಲಿ ಸುಮ್ಕೆ ಕೊಡ್ತಾ ಇದೀರ."

"ದಂಡ ಅಲ್ಲ ಕಣಯ್ಯ. ಯಾರನ್ನೂ ಹಿಡೀದೇ ಇರೋ ಕೈಗೂ ಜಾಗ ಬೇಕು. ಆ ಎರಡು ಕೈ ಖಾಲಿ ಇದ್ರೂ ಅಲ್ಲೇ ಇರ್ತವೆ, ಮಿಕ್ಕವರನ್ನ ತಳ್ತಾ ಇರ್ತವೆ. ಅದಕ್ಕೇ ನೀರು ನೆಟ್ಟಗಿಲ್ಲ, ಬಾಗೈತೆ. ಬಾಗಿರೋದಕ್ಕೇ ಅದು ನೀರು. ನೆಟ್ಟಗಿದ್ದಿದ್ರೆ ನಿನ್ನ ಬಾವಿಲಿ ಇರ್ತಿರಲಿಲ್ಲ, ಗಾಳಿಲಿ ತೇಲ್ತಿತ್ತು."

ಅವರು ಹೋದ ಮೇಲೂ ಆ ಗುಂಡನ್ನು ಹಿಡಿದು ಕೂತಿದ್ದೆ. ನನ್ನ ಅಪ್ಪ ನಾನು ಕೈಗೂಸಾಗಿದ್ದಾಗಲೇ ಹೋದವರು. ಇಲ್ಲದವರು ನನ್ನನ್ನು ಯಾವ ಕಡೆಗೆಲ್ಲ ಬಾಗಿಸಿದ್ದಾರೆ ಎಂದು ಅವತ್ತೇ ಮೊದಲ ಸಲ ಯೋಚಿಸಿದೆ. ಮರುದಿನ ಮೇಷ್ಟ್ರ ಹತ್ತಿರ ಇದನ್ನು ಹೇಳಬೇಕೆಂದಿದ್ದೆ. ಹೇಳಲಿಲ್ಲ, ಕೊಟ್ಟ ಗೂಟ ಸರಿಯಿಲ್ಲ ಎಂದು ಯಾರೋ ಗಿರಾಕಿ ಜಗಳಕ್ಕೆ ಬಂದಿದ್ದ.

ಗುಂಡುಗಳು ಸ್ಕೂಲಿಗೆ ಹೋದವು. ಮೇಷ್ಟ್ರು ಕರಿಹಲಗೆಯ ಕಡೆ ಹೋಗುವುದನ್ನೇ ಬಿಟ್ಟು ಮೇಜಿನ ಸುತ್ತ ಹುಡುಗರನ್ನು ಸೇರಿಸಿ, ಚೀಲದಿಂದ ಒಂದೊಂದೇ ಗುಂಡು ತೆಗೆದು ಪಾಠ ಮಾಡುತ್ತಿದ್ದರಂತೆ. ಊರಲ್ಲಿ ಅದೇ ಮಾತು. ನಾನು ಎಲ್ಲರಿಗೂ "ಅದು ನನ್ನ ಕೈಕೆಲಸ" ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಹೀಗಿರುವಾಗ ಸ್ಕೂಲಿನ ಜವಾನ ಚೀಲ ಹೊತ್ತುಕೊಂಡು ಬಂದ. ತೂತುಗಳು ಸವೆದು ಕಡ್ಡಿ ಸಡಿಲವಾಗಿವೆ, ಬಿಗಿ ಮಾಡಿಕೊಡಬೇಕಂತೆ. "ನಾಳಿದ್ದು ಇನ್‌ಸ್ಪೆಕ್ಟ್ರು ಬರ್ತಾರೆ ಅಬ್ಬಾಯ್. ಮೇಷ್ಟ್ರ ಕ್ಲಾಸಲ್ಲಿ ಕೂರ್ತಾರಂತೆ. ಬೇಗ ಕೊಡು" ಎಂದ.

ಇನ್‌ಸ್ಪೆಕ್ಟರು ಎಂದ ತಕ್ಷಣ ನನ್ನ ತಲೆ ಓಡಿತು. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಎಲ್ಲ ಕಡೆಯ ಹೈಸ್ಕೂಲೂ ಆ ಮನುಷ್ಯನ ಕೈಕೆಳಗೆ. ಅವರ ಕಣ್ಣಿಗೆ ಬಿದ್ದರೆ ನನ್ನ ಸರಕು ಎಲ್ಲೆಲ್ಲಿಗೆ ಹೋಗಬಹುದು! ಆದರೆ ಈ ಬೋಳು ಮರ ಯಾರ ಕಣ್ಣಿಗೆ ಬೀಳುತ್ತದೆ? ಆರು ತಿಂಗಳ ಕೈ ಕೊಳೆ ಹತ್ತಿ ಕಪ್ಪಾಗಿ ಹೋಗಿದ್ದವು. ಬಣ್ಣ ಹಚ್ಚಿಬಿಡೋಣ, ದುಡ್ಡು ಕೇಳುವುದು ಬೇಡ, ಮೇಷ್ಟ್ರಿಗೆ ನನ್ನ ಕಾಣಿಕೆ ಆಗಲಿ ಎಂದುಕೊಂಡೆ. ಪೂರ್ತಿ ಸುಳ್ಳಲ್ಲ ಅದು. ಅರ್ಧ ಕಾಣಿಕೆ, ಅರ್ಧ ವ್ಯಾಪಾರ. ನನ್ನ ಎಲ್ಲ ಕಾಣಿಕೆಗಳೂ ಹಾಗೇ ಇರುತ್ತಿದ್ದವು.

ಬೆಳಗ್ಗೆ ಕೂತವನು ಸಂಜೆಯವರೆಗೆ ಏಳಲಿಲ್ಲ. ಗೆರೆಯ ಮೇಲೆ ಅರಗು ಹಚ್ಚಿದರೆ ಅಂಚಲ್ಲಿ ಬಿರುಕು ಬಿಡುತ್ತದೆ, ಕೆಲಸ ಬಲ್ಲವನು ಯಾರೂ ಹಾಗೆ ಬಿಡುವುದಿಲ್ಲ. ಅದಕ್ಕೆ ಪ್ರತಿ ಗುಂಡನ್ನೂ ಮತ್ತೆ ತಿರುಗಣಿಗೆ ಏರಿಸಿ, ಗೆರೆ ಹೋಗುವವರೆಗೆ ಸವರಿದೆ. ಬಣ್ಣ ಬಂದ ಮೇಲೆ ಗೆರೆ ಯಾಕೆ? ಇಂಗಾಲಕ್ಕೆ ಕಪ್ಪು, ಸಾರಜನಕಕ್ಕೆ ನೀಲಿ, ಆಮ್ಲಜನಕಕ್ಕೆ ಕೆಂಪು, ಸಣ್ಣವಕ್ಕೆ ಹಳದಿ. ತಾಳೆಗರಿ ಒತ್ತಿ ಉಜ್ಜಿದಾಗ ಗಾಜಿನಂತೆ ಹೊಳೆದವು. ಕಣ್ಣು ಮುಚ್ಚಿ ಸವರಿದರೆ ಎಲ್ಲೂ ಏನೂ ತಡೆಯುತ್ತಿರಲಿಲ್ಲ. ಅಷ್ಟು ನುಣುಪು. ನನ್ನ ಕೈಯಿಂದ ಅಷ್ಟು ಒಳ್ಳೆಯ ಕೆಲಸ ಅದುವರೆಗೆ ಆಗಿರಲಿಲ್ಲ.

ಬೇಕೆಂದೇ ಕೊನೆಯ ಗಳಿಗೆಗೆ ಹೋದೆ, ಮೇಷ್ಟ್ರು ಆಶ್ಚರ್ಯಪಡಲಿ ಎಂದು. ಗಂಟೆ ಹೊಡೆದಾಗಿತ್ತು, ಇನ್‌ಸ್ಪೆಕ್ಟರು ವರಾಂಡದಲ್ಲಿ ಹೆಡ್‌ಮೇಷ್ಟ್ರ ಜೊತೆ ಬರುತ್ತಿದ್ದರು. ಮೇಷ್ಟ್ರು ಚೀಲ ಇಸಿದುಕೊಂಡು "ಬಿಗಿ ಆಯ್ತೇನಯ್ಯ?" ಎಂದರು. "ಆಯ್ತು ಸಾ. ತೆಗೆದು ನೋಡಿ, ನಿಮಗೇ ಗೊತ್ತಾಗುತ್ತೆ" ಎಂದೆ. ಕಿಟಕಿಯ ಹೊರಗೆ ಹೊಂಗೆಯ ನೆರಳಲ್ಲಿ ನಿಂತೆ.

ಮೇಷ್ಟ್ರು ಚೀಲಕ್ಕೆ ಕೈ ಹಾಕಿದರು. ಪಾಠ ಶುರು ಮಾಡಿದ ಬಾಯಿ ಮಾತಾಡುತ್ತಲೇ ಇತ್ತು, ಬೆರಳುಗಳು ಮಾತ್ರ ಹುಡುಕುತ್ತಿದ್ದವು. ಒಂದು ಗುಂಡು ತೆಗೆದು ತಿರುಗಿಸಿದರು, ಮೇಜಿನ ಮೇಲೆ ಇಟ್ಟರು. ಇನ್ನೊಂದು ತೆಗೆದರು. ಮತ್ತೊಂದು. ಮಾತು ನಿಧಾನವಾಯಿತು. ಆ ಬೆರಳುಗಳು ಏನು ಹುಡುಕುತ್ತಿವೆ ಎಂದು ಕಿಟಕಿಯಾಚೆ ನಿಂತ ನನಗೆ ಆಗ, ಆ ಗಳಿಗೆಯಲ್ಲಿ ಹೊಳೆಯಿತು. ಬಾಗಿಲ ಕಂಬ ಮುಟ್ಟಿದ್ದು, ಲೋಟದ ಅಂಚು, ಬೀದಿಯ ಕಡೆಗಿದ್ದ ಮುಖ... ಎಲ್ಲ ಒಟ್ಟಿಗೆ.

ಇನ್‌ಸ್ಪೆಕ್ಟರು ಒಳ್ಳೆಯ ಮನುಷ್ಯ. ಮುಂದಕ್ಕೆ ಬಾಗಿ, ಸಂತೋಷದಿಂದಲೇ ಕೇಳಿದರು. "ಬಹಳ ಚೆನ್ನಾಗಿವೆ ರೀ ಮೇಷ್ಟ್ರೇ. ಈ ಬಣ್ಣ ಎಲ್ಲಿ ಹಾಕಿಸಿದ್ರಿ?"

ಮೇಷ್ಟ್ರ ಕೈಯಲ್ಲಿ ಆಗ ಕೆಂಪು ಗುಂಡು ಇತ್ತು. ಕಿಟಕಿಯ ಬಿಸಿಲು ನೇರ ಅದರ ಮೇಲೆ ಬಿದ್ದಿತ್ತು. ತಮ್ಮ ಕಣ್ಣನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡರೋ ಏನೋ, ಅದನ್ನು ಎತ್ತಿ ಹಿಡಿದು, ನಗುಮುಖದಿಂದ ಹೇಳಿದರು. "ಬಣ್ಣ ಹಾಕಿಸಿಲ್ಲ ಸಾರ್. ಇದು ಬರೀ ಮರ."

ಒಬ್ಬ ಹುಡುಗ ಕಿಸಕ್ಕೆಂದ. ಯಾರೋ "ಶ್" ಎಂದರು. ಮೇಷ್ಟ್ರು ಗುಂಡನ್ನು ಮೂಗಿನ ಹತ್ತಿರ ತಂದು ಅರಗಿನ ವಾಸನೆ ನೋಡಿದರು. ಮುಖದ ನಗು ಹೋಗಲಿಲ್ಲ, ಹಾಗೇ ನಿಂತುಬಿಟ್ಟಿತು.

ಅದಾದ ಮೇಲೆ ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಡಾಕ್ಟರ ಹತ್ತಿರ ಕಳಿಸಿದರು, ಕಾಗದ ಬಂತು, ಅಶಕ್ತರೆಂದು ಕೆಲಸದಿಂದ ಬಿಡಿಸಿದರು. ಕೈಗೆ ಬಂದದ್ದು ಕಡಿಮೆ ಪಿಂಚಣಿ, ಇಬ್ಬರ ಊಟಕ್ಕೆ ಎಳೆದಾಡುವಷ್ಟು. ಊರು ಬಿಟ್ಟು ಮಂಚೇನಹಳ್ಳಿಗೆ, ಹೆಂಡತಿಯ ಅಣ್ಣನ ಮನೆಗೆ ಹೊರಟರು.

ಪಾತ್ರೆಗಳನ್ನು ಗೋಣಿಯಲ್ಲಿ ಕಟ್ಟುತ್ತಿದ್ದ ದಿನ ನಾನು ಹೋದೆ. ಅವರ ಹೆಂಡತಿ ಬಾಗಿಲಲ್ಲೇ ತಡೆದರು. "ಬಣ್ಣ ಹಚ್ಚಿದ ಪುಣ್ಯಾತ್ಮ ನೀನೇ ಏನಪ್ಪ? ಕೇಳಿದ್ರಾ ಅವರು? ಬೇಡ ಅಂದಿದ್ರೋ ಇಲ್ವೋ?" ಒಳಗಿನಿಂದ ಮೇಷ್ಟ್ರ ದನಿ ಬಂತು. "ಅವನನ್ನ ಯಾಕೆ ಅಂತೀಯೇ? ಯಾಕೆ ಬೇಡ ಅಂತ ನಾನು ಹೇಳಿದ್ನಾ? ಬಾರಯ್ಯ ಒಳಗೆ."

ಚಾಪೆಯ ಮೇಲೆ ಕೂತಿದ್ದರು. ನಾನು ಎದುರಿಗೆ ಕೂತೆ. ಅವರೇ ಮೊದಲು ಕೇಳಿದರು.

"ಆಮ್ಲಜನಕಕ್ಕೆ ಯಾವ ಬಣ್ಣ ಹಚ್ಚಿದ್ದೆ?"

"ಕೆಂಪು ಸಾ."

"ಯಾವ ಥರದ ಕೆಂಪು?"

"ಕುಂಕುಮದ್ದಲ್ಲ ಸಾ. ದಾಳಿಂಬೆ ಹೂವು ಇರ್ತದಲ್ಲ, ಆ ಥರ."

"ಹೊಳೀತಿತ್ತಾ?"

"ಹೊಳೀತಿತ್ತು ಸಾ."

"ಚೆನ್ನಾಗಿದ್ದಿರಬೇಕು" ಎಂದರು. ಆಮೇಲೆ ನೀಲಿಯನ್ನು ಕೇಳಿದರು, ಹಳದಿಯನ್ನು ಕೇಳಿದರು. ನಾನು ಒಂದೊಂದೇ ಹೇಳುತ್ತ ಹೋದೆ. ಬಣ್ಣಗಳೆಲ್ಲ ಮುಗಿದವು, ನಾನು ಎದ್ದು ಬಂದೆ. ತಪ್ಪಾಯ್ತು ಎಂಬ ಒಂದು ಮಾತು ಮಾತ್ರ ಬಾಯಿಂದ ಹೊರಡಲಿಲ್ಲ. ಊರನ್ನೆಲ್ಲ ಮಾತಲ್ಲಿ ಕಟ್ಟಿಹಾಕುತ್ತಿದ್ದ ಬಾಯಿ ಅದು.

ಇನ್ನು ಹೇಳಲು ನಾಚಿಕೆಯಾಗುವ ಸಂಗತಿ. ಇನ್‌ಸ್ಪೆಕ್ಟರು ಆ ಗುಂಡುಗಳನ್ನು ಮರೆಯಲಿಲ್ಲ. ಎರಡೇ ತಿಂಗಳಲ್ಲಿ ಬೇರೆ ಸ್ಕೂಲುಗಳಿಂದ ಆರ್ಡರು ಬಂತು, ಬಣ್ಣದ್ದೇ ಬೇಕೆಂದು. ತಗೊಂಡೆ. ನಾನು ಇವತ್ತು ಏನಾಗಿದ್ದೇನೋ ಅದೆಲ್ಲ ಶುರುವಾದದ್ದು ಅಲ್ಲಿಂದ. ವ್ಯಾಪಾರಕ್ಕೆ ಇಳಿಯುವ ಹುಡುಗರು ನನ್ನ ಹತ್ತಿರ ಬುದ್ಧಿ ಕೇಳಲು ಬರುತ್ತಾರೆ. ಗಿರಾಕಿ ಏನು ಬೇಕು ಅಂತಾನೆ ಅನ್ನೋದನ್ನ ಅರ್ಧ ಕಿವಿಯಲ್ಲಿ ಕೇಳಿ, ಏನು ಬೇಡ ಅಂತಾನೆ ಅನ್ನೋದನ್ನ ಎರಡೂ ಕಿವಿಯಲ್ಲಿ ಕೇಳಿ ಎನ್ನುತ್ತೇನೆ. ಅವರು ತಲೆ ಆಡಿಸಿ ಹೋಗುತ್ತಾರೆ, ಲಾಭದ ಗುಟ್ಟು ಎಂದುಕೊಂಡು.

ಬಣ್ಣ ಹಚ್ಚದೆ, ಅವರು ಹೇಳಿದ ಗೆರೆಗಳನ್ನು ಕೊರೆದು ಗುಂಡುಗಳ ಒಂದು ಹೊಸ ಸೆಟ್ಟು ಮಾಡಿಟ್ಟಿದ್ದೆ. ಕೊಟ್ಟುಬರಬೇಕು, ಕಾಲು ಹಿಡಿಯಬೇಕು ಎಂದು. ಈ ತಿಂಗಳು ಆರ್ಡರು ಮುಗಿಯಲಿ, ಮುಂದಿನ ತಿಂಗಳು ಎನ್ನುತ್ತ ಎರಡು ವರ್ಷ ಕಳೆದೆ. ಮಂಚೇನಹಳ್ಳಿಯ ಆ ಮನೆಯ ಮುಂದೆ ನಿಂತಾಗ ಅವರ ಹೆಂಡತಿಯ ಅಣ್ಣ ಹೊರಗೆ ಬಂದು, ನನ್ನ ಕೈಯ ಗಂಟನ್ನು ನೋಡಿ, "ಸ್ವಲ್ಪ ತಡ ಆಯ್ತಲ್ಲಪ್ಪ" ಎಂದರು. ಮೇಷ್ಟ್ರು ಹೋಗಿ ನಾಲ್ಕು ತಿಂಗಳಾಗಿತ್ತು. ಅವರ ಹೆಂಡತಿ ಒಳಗಿದ್ದರು. ಹೊರಗೆ ಬರಲಿಲ್ಲ. ಗಂಟನ್ನು ಜಗಲಿಯ ಮೇಲೆ ಇಟ್ಟು ಬಂದೆ.

ಆದರೆ ಕಾಡುವುದು ಆ ಜಗಲಿ ಅಲ್ಲ. ಅದಕ್ಕೂ ಮೊದಲು, ಅವರು ಊರು ಬಿಟ್ಟ ಬೆಳಗ್ಗೆ. ಬಸ್‌ಸ್ಟ್ಯಾಂಡಿಗೆ ನಾನೂ ಹೋಗಿದ್ದೆ. ಗೋಣಿ ಗಂಟುಗಳನ್ನು ಮೇಲೆ ಏರಿಸಲು ಕೈ ಹಾಕಿದೆ. ಮೇಷ್ಟ್ರು ಕಿಟಕಿಯ ಪಕ್ಕ ಕೂತರು. ಹೆಂಡತಿ ಏನೋ ಕಿವಿಯಲ್ಲಿ ಹೇಳಿದರು, ನಾನು ಬಂದಿದ್ದೇನೆ ಎಂದಿರಬೇಕು. ಬಸ್ಸು ಹೊರಡುವಾಗ ಅವರು ಕಿಟಕಿಯಿಂದ ಕೈ ಹೊರಗೆ ಚಾಚಿ ಬೀಸಿದರು. ಆದರೆ ನಾನು ಬಸ್ಸಿನ ಹಿಂದೆ ನಿಂತಿದ್ದೆ. ಅವರು ಮುಂದಕ್ಕೆ ತಿರುಗಿ, ಯಾರೂ ಇಲ್ಲದ ಕಡೆಗೆ ನೋಡಿ ನಗುತ್ತ ಕೈ ಬೀಸುತ್ತಿದ್ದರು. "ಸಾ, ಇಲ್ಲಿದ್ದೀನಿ" ಎಂದು ಒಂದು ಕೂಗು ಹಾಕಿದ್ದರೆ ಸಾಕಿತ್ತು, ತಿರುಗುತ್ತಿದ್ದರು. ಗಂಟಲು ಕಟ್ಟಿತ್ತು ಎಂದು ಎಲ್ಲರಿಗೂ ಹೇಳಿದ್ದೇನೆ. ನಿಜ ಅದಲ್ಲ. ಅವರು ನನ್ನ ಕಡೆ ತಿರುಗಿಬಿಡುತ್ತಾರೆ ಎಂದು ಹೆದರಿದೆ.

ಈಗಲೂ ಕೆಲಸದ ಮೇಲೆ ಶಿಡ್ಲಘಟ್ಟಕ್ಕೆ ಹೋದರೆ ಆ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತೇನೆ. ಮೇಷ್ಟ್ರು ಯಾವ ಕಡೆಗೆ ಕೈ ಬೀಸಿದ್ದರೋ ಆ ಖಾಲಿ ಜಾಗದಲ್ಲಿ ಈಗ ಹಣ್ಣಿನ ರಸದ ಅಂಗಡಿ ಇದೆ, ಮುಂದೆ ಒಂದು ಸಣ್ಣ ಬೆಂಚು. ಅಲ್ಲಿ ಹೋಗಿ ಕೂರುತ್ತೇನೆ. ಏನು ಕೊಡಲಿ ತಾತ ಎಂದು ಅಂಗಡಿಯವನು ಕೇಳುತ್ತಾನೆ. ಏನೂ ಬೇಡ ಕಣಪ್ಪ ಎನ್ನುತ್ತೇನೆ. ಅವನು ಯಾಕೆ ಎಂದು ಕೇಳುವುದಿಲ್ಲ. ಮಂಚೇನಹಳ್ಳಿ ಮೇಲೆ ಹೋಗುವ ಗೌರಿಬಿದನೂರಿನ ಬಸ್ಸುಗಳು ಬಂದು ಹೋಗುತ್ತಿರುತ್ತವೆ...